ಟ್ಯಾಂಕರ್ ಹಿಂದಿನ ಕೆಂಪು ದೀಪ ಏಕೆ ಕೈಕೊಡುತ್ತದೆ?

ಬೇಸಿಗೆ ಬಂತೆಂದರೆ ಬೆಂಗಳೂರಿನ ಜೆ.ಪಿ. ನಗರದ ಕೊನೆಯ ಹಂತಗಳಲ್ಲಿ, ಬನಶಂಕರಿ ಆರನೆಯ ಹಂತದಲ್ಲಿ, ಕನಕಪುರ ರಸ್ತೆಯ ಆಚೀಚಿನ ಬಡಾವಣೆಗಳಲ್ಲಿ ಬೆಳಗು ಹರಿಯುವ ಮುಂಚೆಯೇ ಟ್ರ್ಯಾಕ್ಟರ್‌ಗಳ ಗುಡುಗುಡು ಶುರುವಾಗುತ್ತದೆ. ಹಿಂದೆ ತುಳುಕುತ್ತ ಬರುವ ನೀರಿನ ಟ್ಯಾಂಕರ್. ಬೋರ್‌ವೆಲ್ ಬತ್ತಿದ ಅಪಾರ್ಟ್‌ಮೆಂಟಿಗೆ ಅದು ಬಂದರೆ ಮಾತ್ರ ಅಂದಿನ ಸ್ನಾನ, ಅಂದಿನ ಅಡುಗೆ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಿಗಿಯಾದಾಗ ಜಿಲ್ಲಾಡಳಿತ ಖಾಸಗಿ ಟ್ಯಾಂಕರ್‌ಗಳಿಗೆ ದರ ಕಟ್ಟಿತು: 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000. ಟ್ಯಾಂಕರ್‌ಗಳು ನೋಂದಣಿ ಮಾಡಿಸಿಕೊಳ್ಳಬೇಕೆಂಬ ಆದೇಶವೂ ಹೊರಟಿತು. ನೀರಿನ ಬೆಲೆಯ ಬಗ್ಗೆ ಊರಿಗೆ ಊರೇ ಮಾತಾಡಿದ ಆ ದಿನಗಳಲ್ಲಿ ಟ್ಯಾಂಕರ್‌ನ ಬೆನ್ನಿನ ಮೇಲಿರಬೇಕಾದ ಎರಡು ಕೆಂಪು ದೀಪಗಳ ಬಗ್ಗೆ ಯಾರೂ ಸೊಲ್ಲೆತ್ತಿದ್ದು ನನಗೆ ಕೇಳಿಸಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೆಯ ಹಂತದ ನೀರು ಬಂತು. ಟ್ಯಾಂಕರ್‌ಗಳು ಮಾತ್ರ ರಸ್ತೆ ಬಿಟ್ಟಿಲ್ಲ.

6,000 ಲೀಟರ್ ನೀರೆಂದರೆ 6 ಟನ್ ತೂಕ. ತೊಟ್ಟಿ, ಚಾಸಿ, ಚಕ್ರಗಳ ಕಬ್ಬಿಣ ಅದರ ಮೇಲೆ ಬೇರೆ. ಇಷ್ಟು ಭಾರ ನಿಧಾನವಾಗಿ ಹೋಗುವಾಗ ಹಿಂದೆ ಬರುವ ಸ್ಕೂಟರಿನವರಿಗೆ ಅದರ ವೇಗ ಅಂದಾಜಿಗೆ ಸಿಗುವುದಿಲ್ಲ. 50 ಕಿಲೋಮೀಟರ್ ವೇಗದಲ್ಲಿರುವವರು ಮುಂದೇನಿದೆ ಎಂದು ಗ್ರಹಿಸಿ ಬ್ರೇಕಿಗೆ ಕೈ ಹಾಕುವ ಒಂದೂವರೆ ಸೆಕೆಂಡಿನಲ್ಲೇ 20 ಮೀಟರ್ ದಾಟಿರುತ್ತಾರೆ. ಬ್ರೇಕ್ ಹಿಡಿಯುವುದು ಆಮೇಲೆ. ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂಬದಿಯ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು ಎನ್ನುತ್ತವೆ. ಜಯನಗರದ ಹಳೆಯ ಬ್ಲಾಕುಗಳಲ್ಲಿ ಮರದ ಕೊಂಬೆಗಳು ಬೀದಿದೀಪವನ್ನು ಮರೆಮಾಡುತ್ತವೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಡಬಲ್ ಡೆಕ್ಕರ್ ಮೇಲ್ಸೇತುವೆಯ ಅಡಿಯಲ್ಲಿ ಕಂಬಗಳ ನೆರಳು. ಇಂಥ ಕಡೆ ಬಣ್ಣ ಮಾಸಿದ ತೊಟ್ಟಿಯೊಂದು ದೀಪವಿಲ್ಲದೆ ನಿಂತಿದ್ದರೆ ಹತ್ತಿರ ಬರುವವರೆಗೂ ಅದು ರಸ್ತೆಯ ಕತ್ತಲಿನ ಭಾಗವೇ.

ಚಾಲಕರನ್ನು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: 'ಬಲ್ಬ್ ಹಾಕಿಸಿದ್ದೆ ಸಾರ್, ಮತ್ತೆ ಹೋಯ್ತು.' ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಕಳಚಿ ನೋಡಿದರೆ ಬಲ್ಬು ಬಹಳ ಸಲ ಸರಿಯಾಗಿಯೇ ಇರುತ್ತದೆ. ಹಾಳಾಗಿರುವುದು ಕರೆಂಟು ಬಂದ ಮೇಲೆ ವಾಪಸು ಹೋಗಬೇಕಾದ ದಾರಿ. ಆಟೋ ಎಲೆಕ್ಟ್ರಿಷಿಯನ್‌ಗಳು 'ಅರ್ತ್ ಸಿಗ್ತಿಲ್ಲ' ಎನ್ನುವುದು ಇದಕ್ಕೇ. ಟ್ರೇಲರ್ ದೀಪಗಳ ಕಾಯಿಲೆಯಲ್ಲಿ ದೊಡ್ಡ ಪಾಲು ಈ ಒಂದು ಮಾತಿನಲ್ಲಿದೆ. ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಟ್ರ್ಯಾಕ್ಟರ್ ಬ್ಯಾಟರಿ 12 ವೋಲ್ಟಿನದು. ಅದರ ಪ್ಲಸ್ ತುದಿಯಿಂದ ಹೊರಟ ಕರೆಂಟು ಫ್ಯೂಸ್, ಸ್ವಿಚ್ ದಾಟಿ ಹಿಂದಿನ ಸಾಕೆಟ್ಟಿಗೆ ಬಂದು, ಅಲ್ಲಿಂದ ಕೇಬಲ್ ಹಿಡಿದು ಟ್ಯಾಂಕರ್‌ನ ದೀಪ ಸೇರುತ್ತದೆ. ಇಷ್ಟಕ್ಕೆ ತಂತಿ ಕಣ್ಣಿಗೆ ಕಾಣುತ್ತದೆ. ಬ್ಯಾಟರಿಯ ಮೈನಸ್ ತುದಿಗೆ ಮರಳುವ ದಾರಿಗೆ ಮಾತ್ರ ಪ್ರತ್ಯೇಕ ತಂತಿ ಎಳೆಯದೆ ವಾಹನದ ಕಬ್ಬಿಣದ ಮೈಯನ್ನೇ ಬಳಸುವುದು ರೂಢಿ. ಒಂದೇ ಮೈಯಿರುವ ಕಾರಿನಲ್ಲಿ, ಲಾರಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಟ್ರೇಲರ್ ಎಂಬುದು ರಬ್ಬರ್ ಟೈರಿನ ಮೇಲೆ ನಿಂತ ಬೇರೆಯೇ ಮೈ. ಟ್ರ್ಯಾಕ್ಟರ್‌ಗೂ ಅದಕ್ಕೂ ಇರುವ ಲೋಹದ ನಂಟು ಎಳೆಪಟ್ಟಿಯ ತೂತಿಗೆ ಇಳಿಬಿಟ್ಟ ಒಂದು ಕಬ್ಬಿಣದ ಪಿನ್ನು ಅಷ್ಟೆ. ಸಾಕೆಟ್ಟಿನ ಅರ್ತ್ ತಂತಿ ಕಿತ್ತುಹೋಗಿದ್ದರೆ, ಅಥವಾ ಖರ್ಚು ಉಳಿಸಲು ಅದನ್ನು ಎಳೆದೇ ಇಲ್ಲದಿದ್ದರೆ, ಅಷ್ಟೂ ದೀಪಗಳ ಕರೆಂಟು ಆ ಪಿನ್ನಿನ ಮೂಲಕವೇ ವಾಪಸಾಗಬೇಕು. ಪಿನ್ನಿಗೆ ಗ್ರೀಸ್ ಬಳಿದಿರುತ್ತದೆ, ಸುತ್ತ ತುಕ್ಕು, ತೂತಿನ ಒಳಗೆ ಹಳೆಯ ಪೇಂಟು. ಟ್ರ್ಯಾಕ್ಟರ್ ಎಳೆಯುವಾಗ ಪಿನ್ನು ತೂತಿನ ಒಂದು ಬದಿಗೆ ಒತ್ತಿ ನಿಂತು ಹೇಗೋ ಸಂಪರ್ಕ ಕೊಡುತ್ತದೆ. ಬ್ರೇಕ್ ಹಾಕಿದ ಕೂಡಲೇ ಟ್ಯಾಂಕರ್ ಮುಂದಕ್ಕೆ ನುಗ್ಗುತ್ತದೆ, ಪಿನ್ನು ಸಡಿಲಗೊಂಡು ತೂತಿನ ಇನ್ನೊಂದು ಬದಿಗೆ ಸರಿಯುತ್ತದೆ. ಹಿಂದಿನವರಿಗೆ ದೀಪ ಕಾಣಲೇಬೇಕಾದ ಆ ಕ್ಷಣದಲ್ಲೇ ಸಂಪರ್ಕ ತಪ್ಪಬಹುದು.

ಇನ್ನೊಂದು ಅಪಾಯ ಇದಕ್ಕಿಂತ ಗುಟ್ಟಿನದು. ಪಾರ್ಕಿಂಗ್ ದೀಪ 5 ವ್ಯಾಟ್, ಬ್ರೇಕ್ ದೀಪ 21 ವ್ಯಾಟ್, ಇಂಡಿಕೇಟರ್ 21 ವ್ಯಾಟ್. ರಾತ್ರಿ ಸುಮ್ಮನೆ ಹೋಗುವಾಗ ಟ್ಯಾಂಕರ್ ಹಿಂದೆ ಉರಿಯುವುದು ಎರಡು ಪಾರ್ಕಿಂಗ್ ದೀಪ ಮತ್ತು ನಂಬರ್ ಪ್ಲೇಟಿನ ದೀಪ, ಒಟ್ಟು 15 ವ್ಯಾಟ್, ಅಂದರೆ ಒಂದೂಕಾಲು ಆಂಪಿಯರ್. ಬಲಕ್ಕೆ ಇಂಡಿಕೇಟರ್ ಹಾಕಿ ಬ್ರೇಕ್ ಒತ್ತಿದರೆ ಲೆಕ್ಕ 78 ವ್ಯಾಟಿಗೆ, ಆರೂವರೆ ಆಂಪಿಯರ್‌ಗೆ ಏರುತ್ತದೆ. ತುಕ್ಕು ಹಿಡಿದ ಆ ಕೊಂಡಿಯಲ್ಲಿ ಬರೀ ಅರ್ಧ ಓಮ್ ಅಡ್ಡಿಯಿದೆ ಎಂದಿಟ್ಟುಕೊಳ್ಳಿ. ಪಾರ್ಕಿಂಗ್ ದೀಪವಷ್ಟೇ ಉರಿಯುವಾಗ ಅಲ್ಲಿ ಕಳೆದುಹೋಗುವುದು ಅರ್ಧ ವೋಲ್ಟಿನಷ್ಟು; ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಎಲ್ಲ ದೀಪಗಳೂ ಕರೆಂಟು ಕೇಳಿದಾಗ ಸುಮಾರು ಎರಡೂವರೆ ವೋಲ್ಟು ಅಲ್ಲೇ ಕರಗುತ್ತದೆ. ತಂತು ಬಲ್ಬಿನ ಬೆಳಕು ವೋಲ್ಟೇಜಿನ ಜೊತೆಗೆ ಸಮನಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಕುಸಿಯುತ್ತದೆ. 12 ವೋಲ್ಟಿನ ಬಲ್ಬಿಗೆ ಒಂಬತ್ತೂವರೆ ವೋಲ್ಟು ಸಿಕ್ಕರೆ ಉಳಿಯುವ ಬೆಳಕು ಅರ್ಧಕ್ಕೂ ಕಡಿಮೆ. ಮನೆ ಮುಂದೆ ನಿಲ್ಲಿಸಿ, ಪಾರ್ಕಿಂಗ್ ಲೈಟ್ ಹಾಕಿ, 'ಉರೀತಿದೆ, ಸರಿಯಿದೆ' ಎಂದು ಹೊರಡುವವರಿಗೆ ಈ ದೋಷ ಎಂದೂ ಸಿಗುವುದಿಲ್ಲ. ಟ್ರೇಲರ್ ದೀಪ ಪರೀಕ್ಷಿಸುವುದಾದರೆ ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್ ಮೂರನ್ನೂ ಒಟ್ಟಿಗೆ ಹಾಕಿಯೇ ನೋಡಬೇಕು. ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು ಇದೇ ಎಂದು ನನ್ನ ನಂಬಿಕೆ.

ಅರ್ತ್ ಪೂರ್ತಿ ಕಡಿದುಹೋದಾಗ ದೀಪಗಳು ವಿಚಿತ್ರವಾಗಿ ಆಡತೊಡಗುತ್ತವೆ. ಬ್ರೇಕ್ ಒತ್ತಿದರೆ ಟ್ರ್ಯಾಕ್ಟರ್‌ನ ಮೀಟರ್ ಬೋರ್ಡಿನ ದೀಪ ಮಂಕಾಗಿ ಮಿನುಗುತ್ತದೆ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ದೀಪವೂ ಅದರ ತಾಳಕ್ಕೆ ಕಣ್ಣು ಮಿಟುಕಿಸುತ್ತದೆ. 'ವೈರಿಂಗ್ ಪೂರ್ತಿ ಶಾರ್ಟ್ ಆಗಿದೆ, ಎಲ್ಲ ಬದಲಾಯಿಸಬೇಕು' ಎಂಬ ತೀರ್ಪು ಹೊರಬೀಳುವುದು ಇಂಥ ಹೊತ್ತಿನಲ್ಲಿ. ವಾಸ್ತವ ಬೇರೆ. ಹಿಂದಿನ ಕೆಂಪು ದೀಪದ ಬಲ್ಬಿನೊಳಗೆ ಎರಡು ತಂತುಗಳಿರುತ್ತವೆ, ಒಂದು ಪಾರ್ಕಿಂಗಿಗೆ, ಒಂದು ಬ್ರೇಕಿಗೆ. ಎರಡರ ಇನ್ನೊಂದು ತುದಿಯೂ ಬಲ್ಬಿನ ಲೋಹದ ಕವಚಕ್ಕೆ ಸೇರಿ ಅಲ್ಲಿಂದ ಅರ್ತ್ ಆಗುತ್ತದೆ. ಆ ದಾರಿ ಮುಚ್ಚಿದ್ದರೆ ಬ್ರೇಕ್ ತಂತುವಿಗೆ ಬಂದ ಕರೆಂಟು ಕವಚದವರೆಗೆ ಬಂದು, ಮುಂದೆ ಹೋಗಲಾಗದೆ, ಪಾರ್ಕಿಂಗ್ ತಂತುವಿನೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಪಾರ್ಕಿಂಗ್ ತಂತಿ ಹಿಡಿದು ಟ್ರ್ಯಾಕ್ಟರ್‌ಗೆ ಹೋಗಿ ಅಲ್ಲಿನ ದೀಪಗಳ ಮೂಲಕ ಒಳ್ಳೆಯ ಅರ್ತ್ ಹುಡುಕಿಕೊಳ್ಳುತ್ತದೆ. ಸಾಲಾಗಿ ಹಲವು ತಂತುಗಳನ್ನು ದಾಟಬೇಕಾದ್ದರಿಂದ ಎಲ್ಲವೂ ಮಂಕು. ಹೀಗೆ ಒಂದು ದೀಪದ ಕೆಲಸಕ್ಕೆ ಇನ್ನೊಂದು ಮಿನುಗಿತೆಂದರೆ ವೈರಿಂಗನ್ನು ಮುಟ್ಟದೆ ಮೊದಲು ಅರ್ತ್ ನೋಡಿ. ಉದ್ದನೆಯ ಒಂದು ತಂತಿಯ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ದೀಪದ ಲೋಹದ ಹೋಲ್ಡರಿಗೆ ಹಿಡಿದರೆ ಸಾಕು. ದೀಪ ತಟ್ಟನೆ ಪ್ರಕಾಶಮಾನವಾಗಿ ಉರಿದರೆ ರೋಗ ಸಿಕ್ಕಿತು.

ಈಗ ಸಾಕೆಟ್ಟಿಗೆ ಬರೋಣ. ಟ್ರ್ಯಾಕ್ಟರ್ ಹಿಂದಿರುವ ದುಂಡನೆಯ, ಸ್ಪ್ರಿಂಗ್ ಮುಚ್ಚಳದ ಏಳು ಪಿನ್ನಿನ ಸಾಕೆಟ್ಟಿನ ಒಳಗೆ ಕಣ್ಣಿಟ್ಟು ನೋಡಿದರೆ ಸಣ್ಣ ಅಂಕಿ, ಅಕ್ಷರಗಳು ಕಾಣುತ್ತವೆ: 31, 54, 58ಎಲ್, 58ಆರ್, ಎಲ್, ಆರ್. ಇವು ಜರ್ಮನಿಯ ಡಿನ್ 72552 ಮಾನದಂಡದ ಸಂಖ್ಯೆಗಳು. 31 ಎಂದರೆ ಅರ್ತ್, 54 ಬ್ರೇಕ್, 58 ಪಾರ್ಕಿಂಗ್; ಎಲ್ ಮತ್ತು ಆರ್ ಎಡ ಬಲದ ಇಂಡಿಕೇಟರ್‌ಗಳು. ದಕ್ಷಿಣ ಬೆಂಗಳೂರಿಗೆ ಜರ್ಮನ್ ವಾಹನ ವಿದ್ಯುತ್ತಿನ ನಂಟು ಹೊಸದಲ್ಲ. ಬಾಷ್ ಕಂಪನಿಯ ಭಾರತೀಯ ಶಾಖೆಯಾಗಿ 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪುಗಳನ್ನು ತಯಾರಿಸಿತು. ಜನರ ಬಾಯಲ್ಲಿ ಅದು ಮೈಕೋ. ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಬಿ.ಟಿ.ಎಂ. ಲೇಔಟಿನ ಪಕ್ಕ ಮೈಕೋ ಲೇಔಟ್ ಹಾಗೆಯೇ ಉಳಿದಿದೆ. ಟ್ಯಾಂಕರ್ ಎಳೆಯುವ ಎಷ್ಟೋ ಟ್ರ್ಯಾಕ್ಟರ್‌ಗಳ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸಿದ್ದು ಆ ಕಾರ್ಖಾನೆಯ ಪಂಪೇ.

12 ವೋಲ್ಟಿನ ಏಳು ಪಿನ್ನಿಗೆ ಅಂತರರಾಷ್ಟ್ರೀಯ ಬಣ್ಣದ ಕ್ರಮವೂ ಇದೆ. ಹಳದಿ ಎಡ ಇಂಡಿಕೇಟರ್, ಹಸಿರು ಬಲ ಇಂಡಿಕೇಟರ್, ಕೆಂಪು ಬ್ರೇಕ್, ಕಪ್ಪು ಎಡ ಪಾರ್ಕಿಂಗ್, ಕಂದು ಬಲ ಪಾರ್ಕಿಂಗ್, ನೀಲಿ ಹಿಂದಿನ ಮಂಜುದೀಪ, ಬಿಳಿ ಅರ್ತ್. ಇಲ್ಲಿ ಒಂದು ಎಚ್ಚರಿಕೆ ಬೇಕು. ಕಪ್ಪು ತಂತಿ ಕಂಡರೆ ಅರ್ತ್ ಎಂದುಕೊಳ್ಳುವುದು ನಮ್ಮಲ್ಲಿ ರೂಢಿ, ಈ ಕ್ರಮದಲ್ಲಿ ಅದು ಪಾರ್ಕಿಂಗ್ ದೀಪದ್ದು. ಅದನ್ನು ಚಾಸಿಗೆ ಬಿಗಿದರೆ ದೀಪದ ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಹಾರುತ್ತದೆ. ಇನ್ನು ನಾಲ್ಕು ಕಡೆ ರಿಪೇರಿ ಕಂಡ ಟ್ಯಾಂಕರ್‌ನಲ್ಲಿ ಬಣ್ಣಕ್ಕೆ ಅರ್ಥವೇ ಉಳಿದಿರುವುದಿಲ್ಲ, ಕೈಗೆ ಸಿಕ್ಕ ತಂತಿಯನ್ನು ಜೋಡಿಸಿರುತ್ತಾರೆ. ಬಣ್ಣ ನಂಬಬೇಡಿ, ಪಿನ್ನಿನ ಸಂಖ್ಯೆ ನೋಡಿ, ಅದನ್ನೂ ಪರೀಕ್ಷಿಸಿ ಖಚಿತಪಡಿಸಿಕೊಳ್ಳಿ.

ಪರೀಕ್ಷೆಗೆ ಯಾವ ಸಲಕರಣೆ ಎಂಬ ಬಗ್ಗೆ ಎರಡು ಮಾತು. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಕೊಂಡು ಕೆಲಸಕ್ಕಿಳಿಯುವವರಿದ್ದಾರೆ. ರಸ್ತೆ ಬದಿಯ ಎಲೆಕ್ಟ್ರಿಷಿಯನ್ ಕೈಯಲ್ಲಿರುವುದು ಮಾತ್ರ ಹಳೆಯ ಹೋಲ್ಡರಿಗೆ ಸಿಕ್ಕಿಸಿದ ಬಲ್ಬು, ಅದಕ್ಕೆರಡು ತಂತಿ. ಈ ಕೆಲಸದ ಮಟ್ಟಿಗೆ ಆ ಬಲ್ಬೇ ಮೇಲು. ಕಟ್ಟಿಕೊಂಡ ಪೈಪಿನಲ್ಲೂ ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ, ತಿರುಗಿಸಿದಾಗಲೇ ನೀರು ತೊಟ್ಟಿಕ್ಕುವುದು ಗೊತ್ತಾಗುವುದು. ಮೀಟರು ಹಾಗೆ ಮುಚ್ಚಿದ ನಲ್ಲಿಯ ಒತ್ತಡವನ್ನಷ್ಟೇ ಓದುತ್ತದೆ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದ ತಂತಿಯಲ್ಲೂ ಅದು ಹನ್ನೆರಡು ವೋಲ್ಟು ತೋರಿಸಿಬಿಡುತ್ತದೆ. 21 ವ್ಯಾಟ್ ಬಲ್ಬು ಒಂದೂಮುಕ್ಕಾಲು ಆಂಪಿಯರ್ ಎಳೆಯುವುದರಿಂದ ತಂತಿಗೆ ತಾಕತ್ತಿಲ್ಲದಿದ್ದರೆ ತಕ್ಷಣ ಮಂಕಾಗಿ ಸತ್ಯ ಹೇಳುತ್ತದೆ. ಕಂಪ್ಯೂಟರ್ ನಿಯಂತ್ರಣವಿರುವ ಹೊಸ ಕಾರುಗಳಲ್ಲಿ ಮಾತ್ರ ಕಂಡ ಕಂಡ ತಂತಿಗೆ ಈ ಬಲ್ಬು ಹಿಡಿಯಬಾರದು. ಏರ್‌ಬ್ಯಾಗ್ ಸಾಲಿನ ಹತ್ತಿರವಂತೂ ಸುಳಿಯಲೇಕೂಡದು.

ದೋಷ ಟ್ರ್ಯಾಕ್ಟರ್‌ನದೋ ಟ್ಯಾಂಕರ್‌ನದೋ ಎಂಬುದನ್ನು ಮೊದಲು ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಪ್ಲಗ್ಗು ಕಿತ್ತು, ಸಾಕೆಟ್ಟಿನ ಒಂದೊಂದೇ ಪಿನ್ನಿಗೆ ಬಲ್ಬಿನ ಒಂದು ತಂತಿ ತಾಗಿಸಿ. ಇನ್ನೊಂದು ತಂತಿಯನ್ನು ಟ್ರ್ಯಾಕ್ಟರ್‌ನ ಮೈಗೆ ಹಿಡಿಯಬೇಡಿ, ಸಾಕೆಟ್ಟಿನ 31ನೆಯ ಪಿನ್ನಿಗೇ ಹಿಡಿಯಿರಿ. ಮೈಗೆ ಹಿಡಿದರೆ ಎಲ್ಲವೂ ಉರಿದು, ಸಾಕೆಟ್ಟಿನ ಅರ್ತ್ ತುಂಡಾಗಿರುವುದು ಗೊತ್ತೇ ಆಗುವುದಿಲ್ಲ. ಈ ಒಂದು ಕಾರಣಕ್ಕೆ ಎಷ್ಟೋ ಜನ ಗಂಟೆಗಟ್ಟಲೆ ಟ್ಯಾಂಕರ್ ಅಡಿಯಲ್ಲಿ ಮಲಗಿ ಇಲ್ಲದ ದೋಷ ಹುಡುಕುತ್ತಾರೆ. ಸಾಕೆಟ್ ಪೂರ್ತಿ ಸರಿಯಿದ್ದರೆ ಟ್ರ್ಯಾಕ್ಟರನ್ನು ಬಿಟ್ಟುಬಿಡಿ. ಬೇರೊಂದು 12 ವೋಲ್ಟ್ ಬ್ಯಾಟರಿಯ ಮೈನಸ್ಸನ್ನು ಟ್ಯಾಂಕರ್ ಪ್ಲಗ್ಗಿನ 31ಕ್ಕೆ ಕೊಟ್ಟು, ಪ್ಲಸ್ಸನ್ನು ಫ್ಯೂಸ್ ಮೂಲಕ ಉಳಿದ ಪಿನ್ನುಗಳಿಗೆ ಒಂದೊಂದಾಗಿ ತಾಗಿಸುತ್ತ ಹೋದರೆ ಯಾವ ದೀಪದ ದಾರಿ ಕಡಿದಿದೆ ಎಂಬುದು ನಿಮಿಷಗಳಲ್ಲಿ ತಿಳಿಯುತ್ತದೆ. ಎರಡೂ ಕಡೆ ಸರಿಯಿದ್ದು ಜೋಡಿಸಿದಾಗ ಮಾತ್ರ ದೀಪ ಉರಿಯದಿದ್ದರೆ ಪಿನ್ನುಗಳ ಹಿಡಿತ ಸಡಿಲವಾಗಿದೆ ಎಂದರ್ಥ. ಪಿನ್ನಿನ ತುದಿಯಲ್ಲಿ ಸೀಳು ಇರುತ್ತದೆ. ತೆಳುವಾದ ಬ್ಲೇಡನ್ನು ಆ ಸೀಳಿಗಿಟ್ಟು ಒಂದಿಷ್ಟೇ ಅಗಲಿಸಿದರೆ ಮತ್ತೆ ಬಿಗಿ ಬರುತ್ತದೆ.

ಬ್ರೇಕ್ ದೀಪವೊಂದೇ ಸತಾಯಿಸುತ್ತಿದ್ದರೆ ಪೆಡಲ್ ಕಡೆಗೂ ನೋಡಿ. ಟ್ರ್ಯಾಕ್ಟರ್‌ಗೆ ಎಡ ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲ್. ಹೊಲದಲ್ಲಿ ತಿರುಗಲು ಅದು ಬೇಕು; ರಸ್ತೆಗಿಳಿದಾಗ ಎರಡನ್ನೂ ಕೊಂಡಿ ಹಾಕಿ ಒಂದು ಮಾಡಲೇಬೇಕು. ಸ್ವಿಚ್ಚು ಒಂದೇ ಪೆಡಲ್‌ಗೆ ತಗುಲಿಕೊಂಡಿದ್ದು, ಕೊಂಡಿ ಹಾಕದೆ ಇನ್ನೊಂದನ್ನು ಒತ್ತಿದರೆ ದೀಪ ಹೊತ್ತುವುದಿಲ್ಲ. ವಾಹನ ಒಂದು ಬದಿಗೆ ಎಳೆಯುವ ಅಪಾಯ ಅದರ ಜೊತೆಗೆ.

ಫ್ಯೂಸ್ ಪದೇ ಪದೇ ಹಾರುವುದು ಬೇರೆ ಕಥೆ. ಚಾಸಿಯ ಅಂಚಿಗೆ ಉಜ್ಜಿ ಸಿಪ್ಪೆ ಸುಲಿದ ತಂತಿ ಎಲ್ಲೋ ಕಬ್ಬಿಣಕ್ಕೆ ತಾಗುತ್ತಿರುತ್ತದೆ. ಹಳಬರು ಇದಕ್ಕೆ ಬಳಸುವ ಉಪಾಯ ಚೆನ್ನಾಗಿದೆ. ಆ ಸಾಲಿನ ಬಲ್ಬುಗಳನ್ನೆಲ್ಲ ಕಳಚಿಟ್ಟು, ಫ್ಯೂಸ್ ಇದ್ದ ಜಾಗಕ್ಕೆ 21 ವ್ಯಾಟ್ ಬಲ್ಬು ಸಿಕ್ಕಿಸಬೇಕು. ಶಾರ್ಟ್ ಇರುವವರೆಗೂ ಅದು ಜೋರಾಗಿ ಉರಿಯುತ್ತಿರುತ್ತದೆ. ಕೇಬಲನ್ನು ಗೇಣು ಗೇಣಿಗೆ ಅಲುಗಾಡಿಸುತ್ತ ಹೋದಾಗ ಎಲ್ಲಿ ಬಲ್ಬು ಆರಿತೋ ಅಲ್ಲೇ ಗಾಯ. ಇಷ್ಟು ಮಾಡುವ ಬದಲು ಫ್ಯೂಸಿನ ಜಾಗಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಅಥವಾ ತಾಮ್ರದ ಎಳೆ ಸುತ್ತುವವರಿದ್ದಾರೆ. ದಯವಿಟ್ಟು ಬೇಡ. ಆಗ ಕಾಯುವುದು, ಕರಗುವುದು, ಹೊತ್ತಿಕೊಳ್ಳುವುದು ಡ್ರೈವರ್ ಸೀಟಿನ ಕೆಳಗಿನ ವೈರಿಂಗ್.

ನೀರಿನ ಟ್ಯಾಂಕರ್‌ಗೆ ಅದರದೇ ಆದ ಒಂದು ಶಾಪವಿದೆ. ನೀರು ಬಿಡುವ ವಾಲ್ವು ಇರುವುದು ಹಿಂಬದಿಯಲ್ಲಿ, ದೀಪಗಳ ಪಕ್ಕದಲ್ಲೇ. ಪ್ರತಿ ಸಲ ಪೈಪು ಜೋಡಿಸುವಾಗ ಅದರ ಕಬ್ಬಿಣದ ಬಾಯಿ ದೀಪದ ಗಾಜಿಗೆ ಬಡಿಯುತ್ತದೆ. ಮೇಲಿನ ಮುಚ್ಚಳದಿಂದ ತುಳುಕಿದ ನೀರು ಹಿಂಭಾಗದಲ್ಲಿ ಇಳಿಯುತ್ತದೆ. ಅದು ಬೋರ್‌ವೆಲ್ಲಿನ ಗಡಸು ನೀರು. ಆರಿದಲ್ಲೆಲ್ಲ ಬಿಳಿ ಉಪ್ಪಿನ ಪದರ ಬಿಡುತ್ತದೆ. ಹೋಲ್ಡರಿನ ಹಿತ್ತಾಳೆಗೆ ಹಸಿರು ಕಿಲುಬು ಹತ್ತುತ್ತದೆ, ಸ್ಪ್ರಿಂಗ್ ತುಕ್ಕು ಹಿಡಿದು ಬಲ್ಬನ್ನು ಒತ್ತುವ ಶಕ್ತಿ ಕಳೆದುಕೊಳ್ಳುತ್ತದೆ. ಬರೀ ಟೇಪು ಸುತ್ತಿದ ಜೋಡಣೆಯಿದ್ದರೆ ನೀರು ಒಳಗೆ ಸೇರಿ ತಂತಿಯ ಸಿಪ್ಪೆಯೊಳಗೇ ಮೇಲೇರಿ ಗೇಣುದ್ದ ತಾಮ್ರವನ್ನು ಕಪ್ಪಾಗಿಸುತ್ತದೆ. ಹೊರಗಿನಿಂದ ನೋಡಿದರೆ ತಂತಿ ಹೊಸದರಂತೆಯೇ ಇರುತ್ತದೆ. ಹೀಗೆ ಕಪ್ಪಾದ ತಾಮ್ರಕ್ಕೆ ಬೆಸುಗೆ ಕೂರದು, ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸುತ್ತ ಹೋಗಬೇಕು.

ಹಾಗಾಗಿ ಟ್ಯಾಂಕರ್‌ಗೆ ವೈರಿಂಗ್ ಮಾಡಿಸುವಾಗ ಒಮ್ಮೆ ಸರಿಯಾಗಿ ಮಾಡಿಸುವುದೇ ಅಗ್ಗ. ದೀಪಗಳಿಗೆ ಒಂದೂವರೆ ಚದರ ಮಿಲಿಮೀಟರ್ ತಂತಿ ಸಾಕು. ಅರ್ತ್‌ಗೆ ಎರಡೂವರೆ ಚದರ ಮಿಲಿಮೀಟರ್ ತಂತಿಯನ್ನು ಪ್ಲಗ್ಗಿನಿಂದ ಪ್ರತಿಯೊಂದು ದೀಪದವರೆಗೂ ಎಳೆಸಿ, ಚಾಸಿಯ ಕಬ್ಬಿಣವನ್ನು ನಂಬುವ ಕೆಲಸವೇ ಬೇಡ. ಜೋಡಣೆಗಳಿಗೆ ಬೆಸುಗೆ ಹಾಕಿಸಿ ಅಥವಾ ಲಗ್ ಒತ್ತಿಸಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿಸಿ. ಹೋಲ್ಡರಿನ ಒಳಗೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಕಿಲುಬು ತಡವಾಗುತ್ತದೆ. ಕೊಂಡಿಯ ಹತ್ತಿರ ಕೇಬಲ್ಲಿಗೆ ತಕ್ಕಷ್ಟು ಸಡಿಲ ಬಿಡಬೇಕು. ಕಡಿಮೆಯಾದರೆ ಇಕ್ಕಟ್ಟಿನ ತಿರುವಿನಲ್ಲಿ ಕಿತ್ತುಬರುತ್ತದೆ, ಹೆಚ್ಚಾದರೆ ನಮ್ಮ ಬಡಾವಣೆಗಳ ಹಂಪುಗಳಿಗೆ ಉಜ್ಜಿ ಸವೆಯುತ್ತದೆ. ಸಾಮಾನು ಎಲ್ಲವೂ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ. ಅಲ್ಲಿ ಕೊಳ್ಳುವಾಗ ಬಲ್ಬಿನ ಬುಡದಲ್ಲಿ ಕೆತ್ತಿರುವ ವೋಲ್ಟೇಜ್ ಓದಲು ಮರೆಯಬೇಡಿ. ಲಾರಿಗಳ 24 ವೋಲ್ಟ್ ಬಲ್ಬು ನೋಡಲು ಹಾಗೆಯೇ ಇರುತ್ತದೆ, ಟ್ರ್ಯಾಕ್ಟರ್ ಟ್ರೇಲರ್‌ನ ಹೋಲ್ಡರಿಗೂ ಕೂರುತ್ತದೆ. 12 ವೋಲ್ಟಿನಲ್ಲಿ ಅದು ಕೊಡುವುದು ತನ್ನ ಬೆಳಕಿನ ಹತ್ತನೆಯ ಒಂದು ಪಾಲು. ಅರ್ತ್ ಸರಿ, ತಂತಿ ಸರಿ, ಹೊಸ ಬಲ್ಬು, ಆದರೂ ಮಂಕು ಎಂಬ ಒಗಟಿಗೆ ಕೆಲವೊಮ್ಮೆ ಇಷ್ಟೇ ಉತ್ತರ.

ಎಲ್‌ಇಡಿ ಹಾಕಿಸಿದರೆ ಈ ತಾಪತ್ರಯವೇ ಇಲ್ಲ ಎನ್ನುವವರ ಮಾತಿನಲ್ಲಿ ನಿಜವಿದೆ. ನೀರು ಹೋಗದಂತೆ ಮುಚ್ಚಿದ ಎಲ್‌ಇಡಿ ದೀಪಕ್ಕೆ ಹೋಲ್ಡರಿಲ್ಲ, ಸ್ಪ್ರಿಂಗಿಲ್ಲ, ಕುಲುಕಾಟಕ್ಕೆ ಕಡಿಯುವ ತಂತುವಿಲ್ಲ. ನೀರಿನ ಟ್ಯಾಂಕರ್‌ಗೆ ಅದೇ ಸರಿಯಾದ ಆಯ್ಕೆ ಎಂದು ನಾನೂ ಹೇಳುತ್ತೇನೆ. ಆದರೆ ಅದು ಎಳೆಯುವ ಕರೆಂಟು ತೀರ ಕಡಿಮೆಯಾದ್ದರಿಂದ ಅರೆಜೀವದ ಅರ್ತ್‌ನಲ್ಲೂ ಉರಿದು, ದೋಷವನ್ನು ಬಚ್ಚಿಡುತ್ತದೆ. ಇಂಡಿಕೇಟರ್ ಫ್ಲ್ಯಾಶರ್ ಕೂಡ ಗಲಿಬಿಲಿಗೊಳ್ಳುತ್ತದೆ. ನಿಮಿಷಕ್ಕೆ 60ರಿಂದ 120 ಸಲ ಮಿಟುಕಬೇಕಾದ ದೀಪ, ಬಲ್ಬಿನ ಭಾರ ಸಿಗದೆ, ಒಂದು ಬಲ್ಬು ಹೋಗಿದೆ ಎಂದು ಭಾವಿಸಿ ಪಟಪಟನೆ ಮಿಟುಕತೊಡಗುತ್ತದೆ. ಎಲ್‌ಇಡಿಗೆಂದೇ ಮಾಡಿದ ಫ್ಲ್ಯಾಶರ್ ಹಾಕಿದರೆ ಸರಿಹೋಗುತ್ತದೆ.

ಆನ್‌ಲೈನ್‌ನಲ್ಲಿ ಅಮೆರಿಕದ ಟ್ರೇಲರ್ ದೀಪದ ಕಿಟ್ ತರಿಸುವವರೂ ಈಗ ಇದ್ದಾರೆ. ಆ ದೇಶದಲ್ಲಿ ನಿವೃತ್ತರು ಮನೆಯಷ್ಟು ದೊಡ್ಡ ಮೋಟರ್‌ಹೋಮ್ ಓಡಿಸುತ್ತ, ಅದರ ಹಿಂದೆ ತಮ್ಮ ಸಣ್ಣ ಕಾರನ್ನೇ ಕಟ್ಟಿಕೊಂಡು ಊರೂರು ಸುತ್ತುವುದು ಸಾಮಾನ್ಯ. ಅವರ ನಾಲ್ಕು ತಂತಿಯ ಪದ್ಧತಿಯಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಕೆಂಪು ದೀಪ, ಒಂದೇ ತಂತಿ. ಹಳದಿ ಎಡಕ್ಕೆ, ಹಸಿರು ಬಲಕ್ಕೆ, ಕಂದು ಪಾರ್ಕಿಂಗಿಗೆ, ಬಿಳಿ ಅರ್ತ್‌ಗೆ. ನಮ್ಮ ವಾಹನಗಳಲ್ಲಿ ಬ್ರೇಕ್ ಕೆಂಪು, ಇಂಡಿಕೇಟರ್ ಹಳದಿ, ಎರಡಕ್ಕೂ ಬೇರೆ ತಂತಿ. ಎರಡು ತಂತಿಗಳನ್ನು ಹೊಸೆದು ಆ ಕಿಟ್ಟಿನ ಒಂದಕ್ಕೆ ಕಟ್ಟಿದರೆ ಎಡ ಇಂಡಿಕೇಟರಿನ ಕರೆಂಟು ಬ್ರೇಕ್ ಸಾಲಿಗೆ ನುಗ್ಗಿ, ಬ್ರೇಕ್ ದೀಪಗಳೆಲ್ಲ ಮಿಟುಕುತ್ತವೆ. ಮೋಟರ್‌ಹೋಮ್ ಹಿಂದೆ ಕಾರು ಕಟ್ಟುವವರು ಡಯೋಡ್ ಹಾಕಿ ಕರೆಂಟು ಹಿಮ್ಮುಖ ಹರಿಯದಂತೆ ತಡೆಯುತ್ತಾರೆ. ಟ್ಯಾಂಕರ್‌ಗೆ ಇಷ್ಟೆಲ್ಲ ಬೇಡ, ಇಲ್ಲಿಯ ಏಳು ಪಿನ್ನಿನ ದೀಪವನ್ನೇ ಕೊಂಡರಾಯಿತು. ಆದರೆ ಅರ್ತ್ ಕಡಿದಾಗ ಟ್ರ್ಯಾಕ್ಟರ್‌ನ ಮೀಟರ್ ಬೋರ್ಡ್ ಮಿನುಗುವಂತೆ ಮೋಟರ್‌ಹೋಮ್‌ನಲ್ಲೂ ಹಾಗೆಯೇ ಆಗುತ್ತದೆ. ಅಲ್ಲಿಯೂ ಮೊದಲು ಹುಡುಕಬೇಕಾದ್ದು ಬಿಳಿ ತಂತಿಯನ್ನೇ.

ವೈರಿಂಗ್ ಎಷ್ಟೇ ಚೆನ್ನಾಗಿದ್ದರೂ ದಾರಿ ಮಧ್ಯೆ ಕೈಕೊಡಬಹುದು. ಅದಕ್ಕಾಗಿಯೇ ಹಿಂಬದಿಗೆ ಕೆಂಪು, ಪಕ್ಕಕ್ಕೆ ಹಳದಿ ಪ್ರತಿಫಲಕ ಪಟ್ಟಿ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ಅರೆಯುವ ಹಂಗಾಮಿನಲ್ಲಿ ಪೊಲೀಸರು ಟ್ರ್ಯಾಕ್ಟರ್ ನಿಲ್ಲಿಸಿ ತಾವೇ ಪಟ್ಟಿ ಅಂಟಿಸುವುದುಂಟು. ನಗರದ ಟ್ಯಾಂಕರ್‌ಗಳಿಗೂ ಅಂಥ ಅಭಿಯಾನ ಬೇಕು. ಪಟ್ಟಿ ಅಂಟಿಸುವ ಮುನ್ನ ಜಾಗ ಒರೆಸಿ ಒಣಗಿಸಬೇಕು, ವಾರಕ್ಕೊಮ್ಮೆ ಕೆಸರು ತೊಳೆಯಬೇಕು. ಬೆನ್ನ ಮೇಲೆ ಸಾವಿರಾರು ಲೀಟರ್ ನೀರು ಹೊತ್ತ ವಾಹನಕ್ಕೆ ಒಂದು ಬಕೆಟ್ ಕಷ್ಟವೇನಲ್ಲ.

ನೀರು ತರಿಸಿಕೊಳ್ಳುವ ನಾವೂ ಇದರಲ್ಲಿ ಪಾಲುದಾರರು. ಟ್ಯಾಂಕರ್ ಖಾಲಿಯಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಚಾಲಕ ಪೈಪಿನ ಪಕ್ಕ ನಿಂತು ಕಾಯುವ ಆ ಹೊತ್ತಿನಲ್ಲಿ ಅಪಾರ್ಟ್‌ಮೆಂಟಿನ ಕಾವಲುಗಾರರೋ ಸಮಿತಿಯವರೋ ಹಿಂದೆ ನಿಂತು, ಚಾಲಕನಿಗೆ ಪಾರ್ಕಿಂಗ್ ಲೈಟ್ ಹಾಕಿ, ಇಂಡಿಕೇಟರ್ ಬಿಟ್ಟು, ಬ್ರೇಕ್ ಒತ್ತಲು ಹೇಳಬಹುದು. ಮೊದಲು ಎಡ, ಆಮೇಲೆ ಬಲ. ಬ್ರೇಕ್ ಒತ್ತಿದಾಗ ಉಳಿದ ದೀಪ ಮಂಕಾಯಿತೇ, ಸಂಬಂಧವಿಲ್ಲದ್ದು ಮಿನುಗಿತೇ ಎಂದು ನೋಡಿ ಹೇಳಿದರೆ ಚಾಲಕನಿಗೂ ಎಲೆಕ್ಟ್ರಿಷಿಯನ್ ಬಳಿ ಏನು ಕೇಳಬೇಕೆಂದು ಗೊತ್ತಾಗುತ್ತದೆ. ದೋಷ ಕಂಡರೆ ಆ ದಿನದ ಬಿಲ್ಲಿನ ಮೇಲೆ ಬರೆದು ಟ್ಯಾಂಕರ್ ಮಾಲೀಕರಿಗೆ ಫೋನ್ ಮಾಡಿ, ಮುಂದಿನ ಲೋಡ್ ತರುವ ಮುನ್ನ ಸರಿಪಡಿಸಲು ಕೇಳಿ. ತಿಂಗಳಿಗೆ ಹತ್ತಾರು ಲೋಡ್ ಕೊಳ್ಳುವ ಅಪಾರ್ಟ್‌ಮೆಂಟಿನ ಮಾತನ್ನು ಮಾಲೀಕರು ತಳ್ಳಿಹಾಕುವುದಿಲ್ಲ. ಕೆಲಸ ಅರ್ತ್ ತಂತಿಯದಷ್ಟೇ ಆಗಿದ್ದರೆ ಅದು ಕೆಲವು ಮೀಟರ್ ತಂತಿ, ನಾಲ್ಕಾರು ಲಗ್ ಮತ್ತು ಎಲೆಕ್ಟ್ರಿಷಿಯನ್‌ನ ಅರ್ಧ ದಿನದ ಕೂಲಿಯಲ್ಲಿ ಮುಗಿಯುತ್ತದೆ.